ಕೀಬೋರ್ಡ್ ಎಂದು ಹೇಳಿಕೊಳ್ಳುವ ಜಾಯ್‌ಸ್ಟಿಕ್: ಆರ್ಕೇಡ್ ಫಲಕವನ್ನೂ ಟ್ರ್ಯಾಕ್‌ಬಾಲನ್ನೂ ಕಂಪ್ಯೂಟರಿಗೆ ಜೋಡಿಸುವ ಬಗೆ

1980ರಲ್ಲಿ ಅಟಾರಿ ಕಂಪನಿ ಹೊರತಂದ ಮಿಸೈಲ್ ಕಮಾಂಡ್ ಎಂಬ ಆರ್ಕೇಡ್ (ನಾಣ್ಯ ಹಾಕಿ ಆಡುವ) ಆಟದ ಯಂತ್ರದಲ್ಲಿ ಜಾಯ್‌ಸ್ಟಿಕ್ ಇರಲಿಲ್ಲ. ಗುರಿಯನ್ನು ಪರದೆಯ ಮೇಲೆ ಓಡಿಸಲು ಫಲಕದಲ್ಲಿ ಉರುಳುವ ಒಂದು ಚೆಂಡು (ಟ್ರ್ಯಾಕ್‌ಬಾಲ್), ಮೂರು ನೆಲೆಗಳಿಂದ ಕ್ಷಿಪಣಿ ಹಾರಿಸಲು ಮೂರು ಬಟನ್‌ಗಳು, ಆಟ ಆರಂಭಿಸಲು ಇನ್ನೆರಡು ಬಟನ್‌ಗಳು. ಆಟಗಾರನ ಕೈಗೆ ಸಿಗುತ್ತಿದ್ದುದು ಇಷ್ಟೇ. ಇವುಗಳಿಂದ ಹೊರಟ ತಂತಿಗಳು ನೇರವಾಗಿ ಆಟದ ಸರ್ಕ್ಯೂಟ್ ಬೋರ್ಡಿಗೆ ಹೋಗುತ್ತಿದ್ದವು. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರುವರಿಯಲ್ಲಿ ಮೇಮ್ ಎಂಬ ಎಮ್ಯುಲೇಟರ್ ತಂತ್ರಾಂಶವನ್ನು ಬಿಡುಗಡೆ ಮಾಡಿದ ಮೇಲೆ, ಆ ಬೋರ್ಡು ಮಾಡುತ್ತಿದ್ದ ಕೆಲಸವನ್ನು ಮನೆಯ ಕಂಪ್ಯೂಟರೇ ಅನುಕರಿಸುವುದು ಸಾಧ್ಯವಾಯಿತು. ಆಟವೇನೋ ಕಂಪ್ಯೂಟರಿಗೆ ಬಂತು, ಆದರೆ ಆ ಚೆಂಡು ಮತ್ತು ಬಟನ್‌ಗಳನ್ನು ಸಿಕ್ಕಿಸಲು ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಕಂಪ್ಯೂಟರಿಗೆ ಗೊತ್ತಿರುವುದು ಕೀಬೋರ್ಡ್, ಮೌಸ್, ಗೇಮ್‌ಪ್ಯಾಡ್‌ಗಳು ಮಾತ್ರ.

ಈ ಅಂತರವನ್ನು ತುಂಬುವುದೇ ಇಂಟರ್‌ಫೇಸ್ ಬೋರ್ಡು, ಅಂದರೆ ಎನ್‌ಕೋಡರ್. ಒಂದು ಕಡೆಯಿಂದ ಬಟನ್‌ಗಳ ಮತ್ತು ಟ್ರ್ಯಾಕ್‌ಬಾಲಿನ ತಂತಿಗಳನ್ನು ತೆಗೆದುಕೊಂಡು, ಇನ್ನೊಂದು ಕಡೆ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ‘ನಾನೊಂದು ಕೀಬೋರ್ಡ್, ಜೊತೆಗೊಂದು ಮೌಸ್’ ಎಂದು ಅದು ಹೇಳಿಕೊಳ್ಳುತ್ತದೆ. ಕೇಳಲು ಸರಳವಾಗಿರುವ ಈ ಏರ್ಪಾಡು ಕಟ್ಟುವಾಗ ಗೋಜಲಾಗುವುದಕ್ಕೆ ಮುಖ್ಯ ಕಾರಣ, ಒಂದೇ ಸಂಗತಿಯನ್ನು ಮೂರು ಕಡೆ ಬದಲಾಯಿಸಬಹುದು ಎಂಬುದು. ಚೆಂಡು ಬಲಕ್ಕೆ ಉರುಳಿದಾಗ ಗುರಿ ಎಡಕ್ಕೆ ಹೋದರೆ ತಂತಿ ಅದಲುಬದಲು ಮಾಡಿ ಸರಿಪಡಿಸಬಹುದು, ಬೋರ್ಡಿನ ಪ್ರೋಗ್ರಾಮಿನಲ್ಲಿ ತಿರುಗಿಸಬಹುದು, ಮೇಮ್‌ನ ಮೆನುವಿನಲ್ಲಿಯೂ ತಿರುಗಿಸಬಹುದು. ಎರಡು ಕಡೆ ತಿರುಗಿಸಿದರೆ ಮತ್ತೆ ಮೊದಲಿನ ಸ್ಥಿತಿಯೇ. ಆದ್ದರಿಂದ ತಂತಿ, ಬೋರ್ಡು, ಎಮ್ಯುಲೇಟರ್ ಈ ಮೂರರಲ್ಲಿ ಯಾವ ತೀರ್ಮಾನ ಎಲ್ಲಿರಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಉಳಿದೆಲ್ಲ ಸೆಟ್ಟಿಂಗ್‌ಗಳಿಗಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಕೀಬೋರ್ಡೇ ಏಕೆ?

ಜಾಯ್‌ಸ್ಟಿಕ್ ಇರುವ ಫಲಕವು ಗೇಮ್‌ಪ್ಯಾಡ್ ಎಂದು ಹೇಳಿಕೊಳ್ಳುವ ಬದಲು ಕೀಬೋರ್ಡ್ ಎಂದೇಕೆ ಹೇಳಿಕೊಳ್ಳಬೇಕು ಎಂಬ ಪ್ರಶ್ನೆ ಸಹಜ. ಗೇಮ್‌ಪ್ಯಾಡ್‌ಗಳಿಗೆ ಕಂಪ್ಯೂಟರು ಕ್ರಮಸಂಖ್ಯೆ ಕೊಡುತ್ತದೆ, ಮತ್ತು ಯಂತ್ರವನ್ನು ಮರಳಿ ಶುರುಮಾಡಿದಾಗ ಅಥವಾ ಇನ್ನೊಂದು ಸಾಧನ ಸಿಕ್ಕಿಸಿದಾಗ ಆ ಕ್ರಮ ಬದಲಾಗಿ ಒಂದನೇ ಆಟಗಾರನ ಕೋಲು ಎರಡನೆಯವನದಾಗಿಬಿಡುವುದುಂಟು. ಕೀಬೋರ್ಡಿಗೆ ಈ ತೊಂದರೆಯಿಲ್ಲ. ಎಡಗಡೆಯ ಕಂಟ್ರೋಲ್ ಕೀ ಎಂದರೆ ಯಾವತ್ತೂ ಎಡಗಡೆಯ ಕಂಟ್ರೋಲ್ ಕೀಯೇ. ಜೊತೆಗೆ, ಆಟವನ್ನು ಆಯ್ಕೆಮಾಡುವ ಮೆನು, ಎಮ್ಯುಲೇಟರಿನ ಒಳಗಿನ ಸೆಟ್ಟಿಂಗ್‌ಗಳು, ಆಟದಿಂದ ಹೊರಬರುವುದು ಇವೆಲ್ಲಕ್ಕೂ ಕೀಬೋರ್ಡ್ ಸಾಕಾಗುತ್ತದೆ.

ಹಾಗಿದ್ದರೆ ಹಳೆಯ ಕೀಬೋರ್ಡೊಂದನ್ನು ಬಿಚ್ಚಿ ಅದರ ಒಳಗಿನ ಬೋರ್ಡಿಗೇ ತಂತಿ ಬೆಸುಗೆ ಹಾಕಬಾರದೇಕೆ? ಹಾಕಬಹುದು, ಹಲವರು ಹಾಕಿದ್ದಾರೆ. ಆದರೆ ಸಾಮಾನ್ಯ ಕೀಬೋರ್ಡಿನಲ್ಲಿ ನೂರಕ್ಕೂ ಹೆಚ್ಚು ಕೀಗಳಿಗೆ ಪ್ರತ್ಯೇಕ ತಂತಿಗಳಿರುವುದಿಲ್ಲ. ಅವು ಅಡ್ಡ ಮತ್ತು ಉದ್ದ ಸಾಲುಗಳ ಒಂದು ಜಾಲದಲ್ಲಿ ಕೂತಿರುತ್ತವೆ. ಜಾಲದಲ್ಲಿ ಆಯತದ ಮೂರು ಮೂಲೆಗಳಲ್ಲಿರುವ ಕೀಗಳನ್ನು ಒಟ್ಟಿಗೆ ಒತ್ತಿದರೆ ವಿದ್ಯುತ್ತು ಬಳಸುದಾರಿಯಲ್ಲಿ ಹರಿದು, ಯಾರೂ ಒತ್ತದ ನಾಲ್ಕನೆಯ ಮೂಲೆಯ ಕೀ ಕೂಡ ಒತ್ತಿದಂತೆ ತೋರುತ್ತದೆ. ಪ್ರತಿ ಕೀಗೂ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಹಾಕಿದರೆ ಇದು ನಿಲ್ಲುತ್ತದೆ, ಆದರೆ ಅಗ್ಗದ ಕೀಬೋರ್ಡುಗಳಲ್ಲಿ ಡಯೋಡ್ ಇರುವುದಿಲ್ಲ. ಅವು ಇಂಥ ಸಂದರ್ಭದಲ್ಲಿ ಮೂರನೆಯ ಕೀಯನ್ನೇ ಕಡೆಗಣಿಸುತ್ತವೆ. ಕಾಗದ ಬರೆಯುವವನಿಗೆ ಇದರಿಂದ ನಷ್ಟವಿಲ್ಲ. ಓರೆಯಾಗಿ ಜಿಗಿಯುತ್ತ ಎರಡು ಬಟನ್ ಒತ್ತುವ ಆಟಗಾರನಿಗೆ ಮಾತ್ರ ಹೊಡೆತವೇ ಬೀಳದೆ ಹೋಗುತ್ತದೆ. ಆರ್ಕೇಡ್ ಎನ್‌ಕೋಡರುಗಳಲ್ಲಿ ಸಾಮಾನ್ಯವಾಗಿ ಒಂದೊಂದು ಸ್ವಿಚ್ಚಿಗೂ ಒಂದೊಂದು ಪಿನ್ ಇರುವುದರಿಂದ ಈ ತಂಟೆಯೇ ಇಲ್ಲ.

ಇನ್ನೊಂದು ಮಿತಿ ಯುಎಸ್‌ಬಿಯದು. ಕೀಬೋರ್ಡು ಕಂಪ್ಯೂಟರಿಗೆ ಕಳಿಸುವ ಮೂಲ ಸ್ವರೂಪದ ವರದಿ ಎಂಟು ಬೈಟ್‌ಗಳದು. ಮೊದಲ ಬೈಟಿನ ಎಂಟು ಬಿಟ್‌ಗಳು ಎರಡೂ ಬದಿಯ ಕಂಟ್ರೋಲ್, ಶಿಫ್ಟ್, ಆಲ್ಟ್ ಮತ್ತು ವಿಂಡೋಸ್ ಕೀಗಳಿಗೆ ಮೀಸಲು. ಎರಡನೆಯ ಬೈಟು ಖಾಲಿ. ಉಳಿದ ಆರು ಬೈಟುಗಳಲ್ಲಿ ಒತ್ತಿರುವ ಬೇರೆ ಕೀಗಳ ಸಂಕೇತಗಳು. ಅಂದರೆ ಸಾಮಾನ್ಯ ಕೀಗಳು ಒಮ್ಮೆಗೆ ಆರಕ್ಕಿಂತ ಹೆಚ್ಚು ಹೋಗುವುದಿಲ್ಲ. ಮೇಮ್ ತನ್ನ ಮೂಲ ಸೆಟ್ಟಿಂಗಿನಲ್ಲಿ ಒಂದನೇ ಆಟಗಾರನಿಗೆ ದಿಕ್ಕಿನ ಬಾಣಗಳನ್ನೂ, ಒಂದರಿಂದ ಆರರವರೆಗಿನ ಬಟನ್‌ಗಳಿಗೆ ಕ್ರಮವಾಗಿ ಎಡ ಕಂಟ್ರೋಲ್, ಎಡ ಆಲ್ಟ್, ಸ್ಪೇಸ್, ಎಡ ಶಿಫ್ಟ್, ಜಡ್, ಎಕ್ಸ್ ಕೀಗಳನ್ನೂ ಇಟ್ಟುಕೊಂಡಿದೆ. ಇವುಗಳಲ್ಲಿ ಮೂರು ಬಟನ್‌ಗಳು ಮೊದಲ ಬೈಟಿನಲ್ಲೇ ಸೇರಿಹೋಗುತ್ತವೆ. ಹಾಗಾಗಿ ಒಬ್ಬನೇ ಆಟಗಾರ ಕೋಲನ್ನು ಓರೆಗೆ ತಳ್ಳಿ ಆರೂ ಬಟನ್‌ಗಳನ್ನು ಒಮ್ಮೆಗೇ ಅದುಮಿದರೂ ಆರು ಸ್ಥಾನಗಳಲ್ಲಿ ತುಂಬುವುದು ಐದು ಮಾತ್ರ. ಇಬ್ಬರು ಆಡುವ ಫಲಕದಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಎರಡನೆಯವನ ದಿಕ್ಕುಗಳಾದ ಆರ್, ಎಫ್, ಡಿ, ಜಿ ಮತ್ತು ಅವನ ಮೊದಲ ನಾಲ್ಕು ಬಟನ್‌ಗಳಾದ ಎ, ಎಸ್, ಕ್ಯೂ, ಡಬ್ಲ್ಯೂ ಎಲ್ಲವೂ ಸಾಮಾನ್ಯ ಕೀಗಳೇ. ಇಬ್ಬರಿಗಾಗಿ ಕಟ್ಟುವವರು ಆರು ಕೀಗಳ ಮಿತಿಯಿಲ್ಲದ ಬೋರ್ಡನ್ನೇ ಕೇಳಿ ಕೊಳ್ಳಬೇಕು.

ಯಾವ ಕೀ ಎಲ್ಲಿ?

ಬೋರ್ಡು ಯಾವ ಬಟನ್ನಿಗೆ ಯಾವ ಕೀ ಕಳಿಸಬೇಕೆಂಬುದನ್ನು ನಾವು ಬರೆದಿಡಬಹುದು. ಪ್ರೋಗ್ರಾಮ್ ಮಾಡಬಹುದಾದ ಬೋರ್ಡು ಎಂದರೆ ಇದೇ. ಬ್ರಿಟನ್ನಿನ ಅಲ್ಟಿಮಾರ್ಕ್ ಸಂಸ್ಥೆಯ ಐ-ಪ್ಯಾಕ್ ಬೋರ್ಡುಗಳು ಮೇಮ್‌ನ ಮೂಲ ಕೀಗಳನ್ನು ತುಂಬಿಕೊಂಡೇ ಬರುತ್ತವೆ, ಬೇಕಾದರೆ ವಿನ್‌ಐಪ್ಯಾಕ್ ಎಂಬ ತಂತ್ರಾಂಶದಿಂದ ಬದಲಾಯಿಸಿಕೊಳ್ಳಬಹುದು. ಬದಲಾಯಿಸಲು ಅವಕಾಶವಿದೆ ಎಂಬ ಕಾರಣಕ್ಕೆ ಬದಲಾಯಿಸಲು ಹೊರಡುವುದು ಮಾತ್ರ ಒಳ್ಳೆಯದಲ್ಲ. ಬೋರ್ಡು ಮೇಮ್‌ನ ಮೂಲ ಕೀಗಳನ್ನೇ ಕಳಿಸುತ್ತಿದ್ದರೆ, ನಾಳೆ ಕಂಪ್ಯೂಟರು ಕೆಟ್ಟು ಎಲ್ಲವನ್ನೂ ಹೊಸದಾಗಿ ಹಾಕಬೇಕಾಗಿ ಬಂದರೂ ಫಲಕ ಸಿಕ್ಕಿಸಿದ ಕೂಡಲೇ ಆಡುತ್ತದೆ. ಒಂದು ಆಟಕ್ಕೆ ಬಟನ್‌ಗಳ ಕ್ರಮ ಬೇರೆ ಬೇಕೆಂದಾದರೆ ಅದನ್ನು ಮೇಮ್‌ನಲ್ಲಿ ಆ ಆಟಕ್ಕಷ್ಟೇ ಬದಲಾಯಿಸಬೇಕು.

ಆದರೂ ಈ ಮೂಲ ಕೀಗಳಿಗೆ ವಿಂಡೋಸ್‌ನೊಂದಿಗೆ ಕೆಲವು ಜಗಳಗಳಿವೆ. ಎಡ ಶಿಫ್ಟ್ ನಾಲ್ಕನೇ ಬಟನ್ ಆದ್ದರಿಂದ, ಅದನ್ನು ಬೇರೆ ಕೀಗಳಿಲ್ಲದೆ ಐದು ಬಾರಿ ಬೇಗಬೇಗನೆ ಒತ್ತಿದರೆ ಸ್ಟಿಕಿ ಕೀಸ್ ಸೌಲಭ್ಯವನ್ನು ಚಾಲೂ ಮಾಡಲೇ ಎಂದು ಕೇಳುವ ಕಿಟಕಿ ಆಟದ ಮೇಲೆ ಬಂದು ಕೂರುತ್ತದೆ. ಆ ಸೌಲಭ್ಯದ ಶಾರ್ಟ್‌ಕಟ್ಟನ್ನು ಮೊದಲೇ ಆರಿಸಿಡಬೇಕು. ಎರಡನೇ ಬಟನ್ ಆಲ್ಟ್ ಆಗಿರುವಾಗ ಎಂಟರ್ ಸೇರಿಕೊಂಡರೆ ಪೂರ್ಣಪರದೆಯ ಆಟ ಸಣ್ಣ ಕಿಟಕಿಗೆ ಇಳಿಯುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಒಂದು ವಿಶೇಷ ತೊಂದರೆಯಿದೆ: ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಜೊತೆಗೆ ಕನ್ನಡದ ಕೀಲಿವಿನ್ಯಾಸವನ್ನೂ ಹಾಕಿಕೊಂಡಿದ್ದರೆ ಎಡ ಆಲ್ಟ್ ಮತ್ತು ಶಿಫ್ಟ್ ಸೇರಿಸಿ ಒತ್ತಿದಾಗ ಭಾಷೆ ಬದಲಾಗುತ್ತದೆ. ಎರಡನೆಯ ಮತ್ತು ನಾಲ್ಕನೆಯ ಬಟನ್‌ಗಳನ್ನು ಒಟ್ಟಿಗೆ ಒತ್ತುತ್ತ ಅರ್ಧ ಗಂಟೆ ಕಾದಾಡಿ ಹೊರಬಂದವನು ಪಾಸ್‌ವರ್ಡ್ ಬರೆಯಲು ಹೋದಾಗ ಅದು ಕನ್ನಡದಲ್ಲಿ ಮೂಡುವುದು ಇದರಿಂದಲೇ. ಭಾಷೆ ಬದಲಿಸುವ ಶಾರ್ಟ್‌ಕಟ್ಟನ್ನು ವಿಂಡೋಸ್‌ನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ತೆಗೆದುಹಾಕಬಹುದು. ಇಂಥವನ್ನು ಬೋರ್ಡಿನ ಕೀ ಬದಲಿಸಿ ಪರಿಹರಿಸುವುದಕ್ಕಿಂತ ವಿಂಡೋಸ್‌ನಲ್ಲಿಯೇ ಪರಿಹರಿಸುವುದು ಮೇಲು. ತಂಟೆ ಇರುವುದು ಅಲ್ಲಿಯೇ ತಾನೆ.

ಎಸ್ಕೇಪ್, ಟ್ಯಾಬ್, ಎಂಟರ್ ಮುಂತಾದ ಆಡಳಿತದ ಕೀಗಳಿಗೆ ಫಲಕದಲ್ಲಿ ಪ್ರತ್ಯೇಕ ಬಟನ್ ಇಡುವುದು ಚೆನ್ನಾಗಿ ಕಾಣುವುದಿಲ್ಲ, ಅಪಾಯವೂ ಹೌದು. ಎಸ್ಕೇಪಿಗೆ ಒಂದು ಬಟನ್ ಇಟ್ಟರೆ ಚಿಕ್ಕ ಮಗುವೊಂದು ಅದನ್ನು ಒತ್ತಿ ಅಣ್ಣನ ಆಟವನ್ನು ಅರ್ಧಕ್ಕೆ ಮುಗಿಸುತ್ತದೆ. ಇದಕ್ಕಾಗಿಯೇ ಐ-ಪ್ಯಾಕ್‌ನಂಥ ಬೋರ್ಡುಗಳಲ್ಲಿ ಎರಡನೆಯ ಪದರದ ವ್ಯವಸ್ಥೆಯಿದೆ: ಒಂದನೇ ಆಟಗಾರನ ಸ್ಟಾರ್ಟ್ ಬಟನ್ನನ್ನು ಒತ್ತಿಹಿಡಿದಿರುವಾಗ ಉಳಿದ ಬಟನ್‌ಗಳು ಬೇರೆ ಕೀಗಳನ್ನು ಕಳಿಸುತ್ತವೆ. ಎರಡೂ ಸ್ಟಾರ್ಟ್ ಬಟನ್‌ಗಳನ್ನು ಒಟ್ಟಿಗೆ ಒತ್ತಿದರೆ ಎಸ್ಕೇಪ್, ಒಂದನೇ ಸ್ಟಾರ್ಟಿನೊಂದಿಗೆ ಕೋಲನ್ನು ಬಲಕ್ಕೆ ತಳ್ಳಿದರೆ ಟ್ಯಾಬ್. ಬೋರ್ಡನ್ನು ಸ್ವತಃ ಪ್ರೋಗ್ರಾಮ್ ಮಾಡುವವರು ಗಮನಿಸಬೇಕಾದ ಸೂಕ್ಷ್ಮವೊಂದು ಇಲ್ಲಿದೆ. ಸ್ಟಾರ್ಟ್ ಬಟನ್ ಒತ್ತಿದ ಕ್ಷಣದಲ್ಲಿಯೇ ಅದರ ಸ್ವಂತ ಕೀಯನ್ನು ಕಳಿಸಿಬಿಟ್ಟರೆ, ಹೊರಬರಲು ಯತ್ನಿಸಿದಾಗಲೆಲ್ಲ ಮೊದಲು ಹೊಸ ಆಟ ಶುರುವಾಗುತ್ತದೆ. ಬಟನ್ ಬಿಟ್ಟಾಗ, ನಡುವೆ ಬೇರೇನೂ ಒತ್ತಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಕಳಿಸಬೇಕು. ಆಟ ಶುರುಮಾಡುವುದು ಒಂದು ಗಳಿಗೆ ತಡವಾದರೆ ಯಾರಿಗೂ ನಷ್ಟವಿಲ್ಲ; ಗುಂಡು ಹಾರಿಸುವ ಬಟನ್ನಿಗೆ ಇದೇ ಪಾತ್ರ ಕೊಟ್ಟರೆ ಮಾತ್ರ ಆಡಲಾಗುವುದಿಲ್ಲ.

ತಂತಿಯ ಕೆಲಸವನ್ನು ಬೇಗ ಹೇಳಿ ಮುಗಿಸಬಹುದು. ಬಟನ್ನಿನ ಅಡಿಯಲ್ಲಿರುವ ಸಣ್ಣ ಸ್ವಿಚ್ಚಿಗೆ, ಅಂದರೆ ಮೈಕ್ರೋಸ್ವಿಚ್ಚಿಗೆ, ಸಾಮಾನ್ಯವಾಗಿ ಮೂರು ಕಾಲುಗಳಿರುತ್ತವೆ: ಎಲ್ಲಕ್ಕೂ ಸಮಾನವಾದ ಕಾಮನ್, ಒತ್ತಿದಾಗ ಕೂಡುವ ಕಾಲು, ಒತ್ತಿದಾಗ ಬಿಡುವ ಕಾಲು. ನಮಗೆ ಬೇಕಾದವು ಮೊದಲೆರಡು. ಕಾಮನ್ ಕಾಲುಗಳನ್ನೆಲ್ಲ ಒಂದೇ ಗ್ರೌಂಡ್ ತಂತಿಯಲ್ಲಿ ಒಂದಾದ ಮೇಲೊಂದರಂತೆ ಪೋಣಿಸಿಕೊಂಡು ಹೋಗಿ, ಕೂಡುವ ಕಾಲುಗಳಿಂದ ಒಂದೊಂದು ತಂತಿಯನ್ನು ಬೋರ್ಡಿನ ಒಂದೊಂದು ಪಿನ್ನಿಗೆ ಕೊಡಬೇಕು. ಒಂದು ಬಟನ್ನಿನಿಂದ ಆಚೆಗೆ ಎಲ್ಲವೂ ಸತ್ತಂತಿದ್ದರೆ ಗ್ರೌಂಡ್ ತಂತಿ ಅಲ್ಲಿ ಕಳಚಿದೆ ಎಂದರ್ಥ. ಜಾಯ್‌ಸ್ಟಿಕ್ಕಿನಲ್ಲಿ ಮಾತ್ರ ಹೊಸಬರು ಎಡವುವ ಜಾಗವೊಂದಿದೆ. ಕೋಲು ನಡುವಿನಲ್ಲಿ ತೂಗುವುದರಿಂದ ಹಿಡಿಯನ್ನು ಮೇಲಕ್ಕೆ ತಳ್ಳಿದಾಗ ಫಲಕದಡಿಯ ತುದಿ ಕೆಳಕ್ಕೆ ಹೋಗಿ ಕೆಳಗಡೆಯ ಸ್ವಿಚ್ಚನ್ನು ಒತ್ತುತ್ತದೆ. ಮೇಲಿನ ದಿಕ್ಕಿನ ತಂತಿ ಹೋಗಬೇಕಾದದ್ದು ಆ ಕೆಳಗಿನ ಸ್ವಿಚ್ಚಿಗೇ. ಇದು ತಪ್ಪಿದಾಗ ಮೇಮ್‌ನಲ್ಲಿ ಕೀ ಅದಲುಬದಲು ಮಾಡಿ ಸುಮ್ಮನಾಗಬಾರದು. ಎರಡು ತಂತಿಗಳನ್ನು ಕಿತ್ತು ಸರಿಯಾಗಿ ಸಿಕ್ಕಿಸುವುದು ಅರ್ಧ ನಿಮಿಷದ ಕೆಲಸ.

ಸ್ವಿಚ್ಚಿನ ಲೋಹದ ಪಟ್ಟಿಗಳು ಕೂಡುವಾಗ ಕೆಲವು ಮಿಲಿಸೆಕೆಂಡು ಪುಟಿಯುತ್ತವೆ, ಹಾಗಾಗಿ ಒಂದು ಒತ್ತು ಹಲವು ಒತ್ತುಗಳಂತೆ ಕಾಣುತ್ತದೆ. ಸಂಕೇತ ಸ್ಥಿರವಾಗುವವರೆಗೆ ಐದು ಮಿಲಿಸೆಕೆಂಡು ಕಾದು ಆಮೇಲೆ ಒಪ್ಪಿಕೊಳ್ಳುವುದು ಪುಸ್ತಕಗಳಲ್ಲಿ ಸಿಗುವ ವಿಧಾನ. ಆಟಕ್ಕೆ ಇದಕ್ಕಿಂತ ಚೆನ್ನಾದ ವಿಧಾನವೆಂದರೆ ಮೊದಲ ಸ್ಪರ್ಶವನ್ನೇ ಒಪ್ಪಿಕೊಂಡು ಕೀ ಕಳಿಸಿ, ನಂತರದ ಐದು ಮಿಲಿಸೆಕೆಂಡು ಆ ಪಿನ್ನಿನ ಯಾವ ಬದಲಾವಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು. ಪುಟಿತ ಎರಡರಲ್ಲೂ ಅಡಗುತ್ತದೆ, ಎರಡನೆಯದರಲ್ಲಿ ವಿಳಂಬವಿಲ್ಲ. ಪರದೆ ಸೆಕೆಂಡಿಗೆ 60 ಬಾರಿ ಬದಲಾಗುವ ಆಟದಲ್ಲಿ ಒಂದು ಚಿತ್ರದ ಆಯುಷ್ಯ ಸುಮಾರು 16.7 ಮಿಲಿಸೆಕೆಂಡು ಎಂಬುದನ್ನು ನೆನೆದರೆ ಐದು ಮಿಲಿಸೆಕೆಂಡು ಸಣ್ಣ ಮೊತ್ತವಲ್ಲ.

ಉರುಳುವ ಚೆಂಡಿನ ಲೆಕ್ಕ

ಟ್ರ್ಯಾಕ್‌ಬಾಲ್ ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಬ್ರಿಟನ್ನಿನ ನೌಕಾಪಡೆಗಾಗಿ ಕೆಲಸ ಮಾಡುತ್ತಿದ್ದ ರಾಲ್ಫ್ ಬೆಂಜಮಿನ್ ಇದನ್ನು 1946ರಲ್ಲಿ ರೇಡಾರ್ ಗುರಿಗಳ ಜಾಡು ಹಿಡಿಯುವ ಏರ್ಪಾಡಿನ ಭಾಗವಾಗಿ ಕಲ್ಪಿಸಿದರು. 1950ರ ದಶಕದ ಆರಂಭದಲ್ಲಿ ಕೆನಡಾದ ನೌಕಾಪಡೆಯ ಡೇಟಾರ್ ಯೋಜನೆಯವರು ಬೌಲಿಂಗ್ ಆಟದ ಚೆಂಡನ್ನೇ ಬಳಸಿ ಒಂದನ್ನು ಕಟ್ಟಿದರು. ಆರ್ಕೇಡಿನಲ್ಲಿ ಅದು ಮನೆಮಾತಾದದ್ದು ಅಟಾರಿಯ ಫುಟ್‌ಬಾಲ್ (1978), ಮಿಸೈಲ್ ಕಮಾಂಡ್ (1980), ಸೆಂಟಿಪೀಡ್ (1981) ಮತ್ತು ಮಾರ್ಬಲ್ ಮ್ಯಾಡ್‌ನೆಸ್ (1984) ಆಟಗಳಿಂದ.

ಚೆಂಡು ಮೂರು ಕಡೆ ಆತುಕೊಂಡಿರುತ್ತದೆ: ಪರಸ್ಪರ ಲಂಬವಾಗಿರುವ ಎರಡು ಉರುಳೆಗಳು ಮತ್ತು ಆಧಾರಕ್ಕೊಂದು ಬೇರಿಂಗ್. ಪ್ರತಿ ಉರುಳೆಯ ತುದಿಯಲ್ಲಿ ಕಿಂಡಿಗಳಿರುವ ಒಂದು ತಟ್ಟೆ, ಅದರ ಒಂದು ಬದಿಗೆ ಎಲ್‌ಇಡಿ ದೀಪ, ಇನ್ನೊಂದು ಬದಿಗೆ ಎರಡು ಬೆಳಕಿನ ಸಂವೇದಕಗಳು. ತಟ್ಟೆ ತಿರುಗಿದಂತೆ ಬೆಳಕು ಬಿದ್ದು ಮರೆಯಾಗುತ್ತದೆ. ಒಂದೇ ಸಂವೇದಕವಿದ್ದಿದ್ದರೆ ಎಷ್ಟು ತಿರುಗಿತು ಎಂಬುದು ತಿಳಿಯುತ್ತಿತ್ತೇ ಹೊರತು ಯಾವ ಕಡೆಗೆ ಎಂಬುದು ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಎರಡನ್ನು ಕಾಲು ಆವರ್ತದಷ್ಟು ಅಂತರದಲ್ಲಿ ಕೂರಿಸಿರುತ್ತಾರೆ. ಅವುಗಳನ್ನು ಎ ಮತ್ತು ಬಿ ಎಂದು ಕರೆದು, ಬೆಳಕು ಇದ್ದರೆ 1, ಇಲ್ಲದಿದ್ದರೆ 0 ಎಂದು ಬರೆದರೆ, ಒಂದು ದಿಕ್ಕಿಗೆ ತಿರುಗುವಾಗ ಜೋಡಿಯು 00, 01, 11, 10 ಎಂಬ ಕ್ರಮದಲ್ಲಿ ಸಾಗಿ ಮತ್ತೆ 00ಕ್ಕೆ ಬರುತ್ತದೆ. ಎದುರು ದಿಕ್ಕಿಗೆ ತಿರುಗಿದರೆ ಇದೇ ಸಾಲು ಹಿಂದಿನಿಂದ ಮುಂದಕ್ಕೆ ಬರುತ್ತದೆ. ಒಮ್ಮೆಗೆ ಒಂದು ಅಂಕಿ ಮಾತ್ರ ಬದಲಾಗುವುದರಿಂದ, ಹಿಂದಿನ ಸ್ಥಿತಿ ಮತ್ತು ಈಗಿನ ಸ್ಥಿತಿ ಎರಡು ಗೊತ್ತಿದ್ದರೆ ಸಾಕು, ಒಂದು ಹೆಜ್ಜೆ ಮುಂದೋ ಹಿಂದೋ ಎಂದು ತೀರ್ಮಾನಿಸಬಹುದು. 00ದಿಂದ ನೇರವಾಗಿ 11 ಕಂಡರೆ ನಡುವೆ ಒಂದು ಹೆಜ್ಜೆ ತಪ್ಪಿಹೋಗಿದೆ, ಯಾವ ಕಡೆಗೆ ಹೋಯಿತೆಂದು ಹೇಳಲು ಬರುವುದಿಲ್ಲ.

ಎರಡು ಅಕ್ಷಗಳಿಗೂ ಎ ಮತ್ತು ಬಿ, ಜೊತೆಗೆ 5 ವೋಲ್ಟ್ ಮತ್ತು ಗ್ರೌಂಡ್. ಹೀಗೆ ಟ್ರ್ಯಾಕ್‌ಬಾಲಿನಿಂದ ಒಟ್ಟು ಆರು ತಂತಿಗಳು ಹೊರಬರುತ್ತವೆ. ತಂತಿಗಳ ಬಣ್ಣ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಆದ್ದರಿಂದ ಬಣ್ಣ ನಂಬಿ ವಿದ್ಯುತ್ತು ಕೊಡಬಾರದು. ತಯಾರಕರ ನಕ್ಷೆ ನೋಡಿ 5 ವೋಲ್ಟ್ ಮತ್ತು ಗ್ರೌಂಡ್ ಯಾವುವೆಂದು ಖಚಿತಪಡಿಸಿಕೊಂಡು, ಬೋರ್ಡಿಗೆ ಜೋಡಿಸುವ ಮೊದಲೇ ಚೆಂಡನ್ನು ಬೆರಳಿನಿಂದ ತೀರ ನಿಧಾನವಾಗಿ ತಿರುಗಿಸುತ್ತ ಮಲ್ಟಿಮೀಟರಿನಲ್ಲಿ ನಾಲ್ಕೂ ಸಂಕೇತಗಳನ್ನು ನೋಡಬೇಕು. ಪ್ರತಿಯೊಂದೂ ಸೊನ್ನೆಯ ಹತ್ತಿರಕ್ಕೂ 5 ವೋಲ್ಟಿನ ಹತ್ತಿರಕ್ಕೂ ಏರಿಳಿಯುತ್ತಿದ್ದರೆ ಟ್ರ್ಯಾಕ್‌ಬಾಲ್ ಆರೋಗ್ಯವಾಗಿದೆ. ಮೇಲಕ್ಕೇರದೆ ಸೊನ್ನೆಯಲ್ಲಿಯೇ ಉಳಿದರೆ ಸಂವೇದಕಕ್ಕೆ ಹೊರಗಿನಿಂದ ಒಂದು ಪುಲ್-ಅಪ್ ರೆಸಿಸ್ಟರ್ (ಸಂಕೇತವನ್ನು 5 ವೋಲ್ಟಿನ ಕಡೆಗೆ ಎಳೆದಿಡುವ ರೆಸಿಸ್ಟರ್) ಬೇಕಾಗಿರಬಹುದು.

ಜೋಡಿಸಿದ ಮೇಲೆ ಕಾಣುವ ದೋಷಗಳು ತಮ್ಮ ಕಾರಣವನ್ನು ತಾವೇ ಹೇಳುತ್ತವೆ. ಪಾಯಿಂಟರ್ ಎದುರು ದಿಕ್ಕಿಗೆ ಹೋಗುತ್ತಿದ್ದರೆ ಆ ಅಕ್ಷದ ಎ ಮತ್ತು ಬಿ ಅದಲುಬದಲಾಗಿವೆ. ಚೆಂಡು ಎಷ್ಟು ಉರುಳಿದರೂ ಪಾಯಿಂಟರ್ ನಿಂತಲ್ಲೇ ನಡುಗುತ್ತಿದ್ದರೆ ಎರಡರಲ್ಲಿ ಒಂದು ಸಂಕೇತ ಬರುತ್ತಿಲ್ಲ: ಒಂದೇ ಅಂಕಿ ಬದಲಾಗುತ್ತಿರುವಾಗ ಬೋರ್ಡು ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂದು ಎಣಿಸುತ್ತಲೇ ಇರುತ್ತದೆ. ಎರಡೂ ಅಕ್ಷಗಳಲ್ಲಿ ಇದೇ ನಡುಕವಿದ್ದರೆ ಒಂದು ಅಕ್ಷದ ತಂತಿ ಇನ್ನೊಂದರ ಜಾಗಕ್ಕೆ ಹೋಗಿದೆಯೇ ನೋಡಬೇಕು. ನಿಧಾನವಾಗಿ ಉರುಳಿಸಿದರೆ ಸರಿಯಾಗಿದ್ದು, ಜೋರಾಗಿ ಉರುಳಿಸಿದಾಗ ಮಾತ್ರ ಪಾಯಿಂಟರ್ ತಡವರಿಸಿದರೆ ತಂತಿ ಸರಿಯಾಗಿಯೇ ಇದೆ. ಬೋರ್ಡಿಗೆ ಎಣಿಸುವಷ್ಟು ವೇಗವಿಲ್ಲ.

ಈ ಕೊನೆಯದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಟ್ಟೆಯಲ್ಲಿ 24 ಕಿಂಡಿಗಳಿವೆ ಎಂದಿಟ್ಟುಕೊಂಡರೆ, ಪ್ರತಿ ಕಿಂಡಿಗೆ ನಾಲ್ಕು ಬದಲಾವಣೆಗಳಂತೆ ಉರುಳೆಯ ಒಂದು ಸುತ್ತಿಗೆ 96 ಎಣಿಕೆಗಳು. ಚೆಂಡು ಒಂದು ಸುತ್ತು ಬರುವಷ್ಟರಲ್ಲಿ ಉರುಳೆ ಆರು ಸುತ್ತು ಬರುತ್ತದೆ ಎಂದಾದರೆ ಚೆಂಡಿನ ಒಂದು ಸುತ್ತಿಗೆ 576. ಅಂಗೈಯಿಂದ ಬೀಸಿ ಹೊಡೆದಾಗ ಚೆಂಡು ಸೆಕೆಂಡಿಗೆ ಹತ್ತು ಸುತ್ತು ತಿರುಗಿದರೆ 5,760 ಬದಲಾವಣೆಗಳು, ಅಂದರೆ ಸುಮಾರು 174 ಮೈಕ್ರೋಸೆಕೆಂಡಿಗೆ ಒಂದು. ಬಟನ್ನಿನ ಪುಟಿತ ತಡೆಯಲೆಂದು ಪ್ರೋಗ್ರಾಮಿನಲ್ಲಿ ಎಲ್ಲಾದರೂ ಐದು ಮಿಲಿಸೆಕೆಂಡು ಸುಮ್ಮನೆ ಕಾಯುವಂತೆ ಬರೆದಿದ್ದರೆ ಅಷ್ಟರಲ್ಲಿ 28 ಹೆಜ್ಜೆಗಳು ಕಣ್ತಪ್ಪಿ ಹೋಗಿರುತ್ತವೆ. ಬಟನ್ನೂ ಚೆಂಡೂ ಒಂದೇ ಬೋರ್ಡಿನಲ್ಲಿರುವಾಗ ಕಾಯುವ ಆದೇಶ ಎಲ್ಲಿಯೂ ಇರಕೂಡದು.

ಸ್ವತಃ ಬೋರ್ಡು ಮಾಡಿಕೊಳ್ಳುವವರಿಗೆ ಆರ್ಡುಯಿನೋ ಲಿಯೊನಾರ್ಡೊ ಎಂಬ ಪ್ರೋಗ್ರಾಮ್ ಮಾಡಬಹುದಾದ ಸಣ್ಣ ಬೋರ್ಡು ಒಳ್ಳೆಯ ಆಯ್ಕೆ, ಅದರ ಎಟಿಮೆಗಾ32ಯು4 ಚಿಪ್ಪು ತಾನೇ ಕೀಬೋರ್ಡ್ ಮತ್ತು ಮೌಸ್ ಎಂದು ಯುಎಸ್‌ಬಿಯಲ್ಲಿ ಹೇಳಿಕೊಳ್ಳಬಲ್ಲದು. ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಆರ್ಡುಯಿನೋ ಬೋರ್ಡುಗಳೂ ಮೈಕ್ರೋಸ್ವಿಚ್ಚುಗಳೂ ಸಿಗುತ್ತವೆ. ಈ ಬೋರ್ಡಿನಲ್ಲಿ 20 ಪಿನ್ನುಗಳಿವೆ, ಅವುಗಳಲ್ಲಿ 0, 1, 2, 3 ಮತ್ತು 7ಕ್ಕೆ ಹೊರಗಿನ ಇಂಟರಪ್ಟ್ ಸೌಲಭ್ಯವಿದೆ. ಅಂದರೆ ಪಿನ್ನಿನ ಸ್ಥಿತಿ ಬದಲಾದ ಕ್ಷಣದಲ್ಲಿಯೇ ಚಿಪ್ಪು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಕಡೆ ನೋಡುತ್ತದೆ. ಮೊದಲ ನಾಲ್ಕನ್ನು ಟ್ರ್ಯಾಕ್‌ಬಾಲಿಗೆ ಕೊಟ್ಟು, ಬೋರ್ಡಿನದೇ ಎಲ್‌ಇಡಿ ಇರುವ 13ನ್ನು ಬಿಟ್ಟರೆ 15 ಉಳಿಯುತ್ತವೆ. ನಾಲ್ಕು ದಿಕ್ಕು, ಆರು ಬಟನ್, ನಾಣ್ಯ, ಸ್ಟಾರ್ಟ್ ಸೇರಿ 12. ಟ್ರ್ಯಾಕ್‌ಬಾಲಿನ ಪಕ್ಕದ ಮೂರು ಬಟನ್‌ಗಳೊಂದಿಗೆ ಸರಿಯಾಗಿ 15. ಒಬ್ಬನ ಫಲಕಕ್ಕೆ ಹೇಳಿ ಮಾಡಿಸಿದಂತಿದೆ. ಎರಡೂ ಅಕ್ಷಗಳು ಮೇಲಿನ ವೇಗದಲ್ಲಿ ಓಡಿದರೂ 16 ಮೆಗಾಹರ್ಟ್ಸ್ ಚಿಪ್ಪಿಗೆ ಒಂದೊಂದು ಬದಲಾವಣೆಗೆ 1,300ಕ್ಕಿಂತ ಹೆಚ್ಚು ಗಡಿಯಾರದ ಮಿಡಿತಗಳು ಸಿಗುತ್ತವೆ, ಅದು ಧಾರಾಳವಾಯಿತು. ಆರ್ಡುಯಿನೋದ ಕೀಬೋರ್ಡ್ ಲೈಬ್ರರಿಗೆ ಆರು ಕೀಗಳ ಮಿತಿಯಿದ್ದರೂ ಒಬ್ಬ ಆಟಗಾರನಿಗೆ ಅದು ಅಡ್ಡಿಯಾಗದೆಂದು ಆಗಲೇ ನೋಡಿದೆವು.

2021ರಲ್ಲಿ ಬಂದ ರಾಸ್‌ಬೆರಿ ಪೈ ಪಿಕೋ ಎಂಬ ಬೋರ್ಡು ಇದಕ್ಕಿಂತ ಶಕ್ತಿಶಾಲಿ, ಅದರಲ್ಲಿ ಇಂಥ ಸಂಕೇತಗಳನ್ನು ಮುಖ್ಯ ಪ್ರೋಗ್ರಾಮಿನ ಹಂಗಿಲ್ಲದೆ ಎಣಿಸುವ ಪ್ರತ್ಯೇಕ ಭಾಗವೇ ಇದೆ. ಆದರೆ ಅದರ ಪಿನ್ನುಗಳು 3.3 ವೋಲ್ಟಿನವು. 5 ವೋಲ್ಟಿನ ಟ್ರ್ಯಾಕ್‌ಬಾಲನ್ನು ನೇರವಾಗಿ ಜೋಡಿಸಿದರೆ ಚಿಪ್ಪು ಹಾಳಾಗಬಹುದು, ನಡುವೆ ವೋಲ್ಟೇಜ್ ಇಳಿಸುವ ಸಣ್ಣ ಸರ್ಕ್ಯೂಟ್ ಇರಲೇಬೇಕು.

ಎಣಿಸಿದ ಹೆಜ್ಜೆಗಳನ್ನು ಕಳಿಸುವಲ್ಲಿಯೂ ಎಚ್ಚರ ಬೇಕು. ಸಾಮಾನ್ಯ ಮೌಸ್ ವರದಿಯಲ್ಲಿ ಪ್ರತಿ ಅಕ್ಷದ ಚಲನೆಗೆ ಒಂದು ಬೈಟು, ಒಮ್ಮೆಗೆ ಹೆಚ್ಚೆಂದರೆ 127 ಹೆಜ್ಜೆ ಆ ಕಡೆ ಅಥವಾ ಈ ಕಡೆ. ಸೆಕೆಂಡಿಗೆ 125 ವರದಿಗಳಂತೆ ನಮ್ಮ 5,760 ಹೆಜ್ಜೆಗಳು ಹಂಚಿಹೋದರೆ ಒಂದೊಂದಕ್ಕೆ 46 ಮಾತ್ರ, ಚಿಂತೆಯಿಲ್ಲ. ದೊಡ್ಡ ಚೆಂಡು, ಹೆಚ್ಚು ಕಿಂಡಿಯ ತಟ್ಟೆ ಇದ್ದು 127 ಮೀರಿದರೆ, ಮೀರಿದ್ದನ್ನು ಎಸೆಯದೆ ಮುಂದಿನ ವರದಿಗೆ ಉಳಿಸಿಕೊಳ್ಳಬೇಕು. ಕಳಿಸಿದ ಮೇಲೆ ಎಣಿಕೆಯನ್ನು ಸೊನ್ನೆಗೆ ಇಳಿಸುವ ಬದಲು ಕಳಿಸಿದಷ್ಟನ್ನೇ ಕಳೆಯಬೇಕು, ಏಕೆಂದರೆ ಆ ನಡುವಿನ ಕ್ಷಣದಲ್ಲಿಯೂ ಚೆಂಡು ಉರುಳುತ್ತಿರುತ್ತದೆ. ಎಂಟು ಬಿಟ್‌ಗಳ ಚಿಪ್ಪಿನಲ್ಲಿ ಎರಡು ಬೈಟಿನ ಎಣಿಕೆಯನ್ನು ಓದುವಾಗ ಇಂಟರಪ್ಟನ್ನು ಆ ಕ್ಷಣಕ್ಕೆ ತಡೆದಿರಬೇಕು. ಇಲ್ಲದಿದ್ದರೆ ಒಂದು ಬೈಟು ಹಳೆಯದು, ಇನ್ನೊಂದು ಹೊಸದು ಆಗಿ ಪಾಯಿಂಟರ್ ಅಪರೂಪಕ್ಕೊಮ್ಮೆ ಕಾರಣವಿಲ್ಲದೆ ಹಾರುತ್ತದೆ. ಅಪರೂಪಕ್ಕೊಮ್ಮೆ ಆಗುವ ದೋಷವನ್ನು ಹುಡುಕುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ.

ಮೇಮ್‌ನ ಒಳಗೆ

ಟ್ರ್ಯಾಕ್‌ಬಾಲ್ ವಿಂಡೋಸ್‌ನಲ್ಲಿ ಪಾಯಿಂಟರನ್ನು ಚೆನ್ನಾಗಿ ಓಡಿಸುತ್ತಿದ್ದರೂ ಆಟದಲ್ಲಿ ಕದಲದಿರಬಹುದು. ಮೇಮ್‌ನ ಮೂಲ ಸೆಟ್ಟಿಂಗಿನಲ್ಲಿ ಮೌಸ್ ಬಳಕೆ ಆರಿಸಿರುತ್ತದೆ. ಸೆಟ್ಟಿಂಗ್‌ಗಳ ಕಡತದಲ್ಲಿ ಮೌಸ್ ಎಂಬ ಸಾಲಿನ ಮುಂದಿರುವ 0ಯನ್ನು 1 ಮಾಡಬೇಕು, ಅಥವಾ ಟ್ರ್ಯಾಕ್‌ಬಾಲ್ ಇರುವ ಆಟಗಳಿಗೆ ಮೌಸ್ ಬಳಸು ಎಂದು ಹೇಳುವ ಸಾಲನ್ನು ಬದಲಿಸಬೇಕು. ಎರಡನೆಯದು ಮೇಲು, ಏಕೆಂದರೆ ಜಾಯ್‌ಸ್ಟಿಕ್ಕಿನ ಆಟಗಳಿಗೆ ಚೆಂಡಿನ ಗೊಡವೆ ಬೇಡ.

ವೇಗವನ್ನು ಎಲ್ಲಿ ಹೊಂದಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಬೋರ್ಡು ಎಣಿಸಿದ್ದನ್ನೆಲ್ಲ ಇದ್ದಂತೆ ಕಳಿಸಬೇಕು, ವೇಗವನ್ನು ಆಟಕ್ಕೊಂದರಂತೆ ಮೇಮ್‌ನಲ್ಲಿ ಹೊಂದಿಸಬೇಕು. ಬೋರ್ಡಿನಲ್ಲಿ ಭಾಗಿಸಿದರೆ ಕಳೆದುಹೋದ ಸೂಕ್ಷ್ಮತೆ ಮುಂದೆ ಎಲ್ಲಿಯೂ ಮರಳಿ ಸಿಗುವುದಿಲ್ಲ. ಆಟ ನಡೆಯುತ್ತಿರುವಾಗ ಟ್ಯಾಬ್ ಒತ್ತಿದರೆ ಬರುವ ಮೆನುವಿನಲ್ಲಿ ಅನಲಾಗ್ ನಿಯಂತ್ರಣಗಳ ವಿಭಾಗವಿದೆ. ಅಲ್ಲಿ ಪ್ರತಿ ಅಕ್ಷಕ್ಕೂ ಸೆನ್ಸಿಟಿವಿಟಿಯನ್ನು ಏರಿಸಿ ಇಳಿಸಬಹುದು, ದಿಕ್ಕನ್ನು ತಿರುಗಿಸಬಹುದು. ಕೀಲಿ ಒತ್ತಿ ಚೆಂಡನ್ನು ಅನುಕರಿಸುವವರಿಗಾಗಿ ಇರುವ ವೇಗದ ಸಾಲುಗಳು ಅದೇ ಪುಟದಲ್ಲಿವೆ, ನಿಜವಾದ ಚೆಂಡು ಇರುವಾಗ ಅವನ್ನು ಮುಟ್ಟಬೇಕಿಲ್ಲ. ಇಲ್ಲಿ ಮಾಡಿದ ಬದಲಾವಣೆ ಆ ಆಟದ ಹೆಸರಿನ ಪ್ರತ್ಯೇಕ ಕಡತದಲ್ಲಿ ಉಳಿಯುತ್ತದೆ. ವಿಂಡೋಸ್‌ನ ಮೌಸ್ ಸೆಟ್ಟಿಂಗಿನಲ್ಲಿ ಪಾಯಿಂಟರಿನ ನಿಖರತೆ ಹೆಚ್ಚಿಸುವುದಾಗಿ ಹೇಳುವ ಆಯ್ಕೆ ವಾಸ್ತವವಾಗಿ ವೇಗೋತ್ಕರ್ಷದ ಆಯ್ಕೆ. ವಿಂಡೋಸ್‌ನಲ್ಲಿ ಮೇಮ್ ಸಾಧನದ ಎಣಿಕೆಯನ್ನು ನೇರವಾಗಿ ಓದುವುದರಿಂದ ಅದರ ಪ್ರಭಾವ ಆಟದ ಮೇಲಾಗುವುದಿಲ್ಲ, ಆಟ ಆಯ್ಕೆಮಾಡುವ ಮೆನುವಿನ ಮೇಲೆ ಆಗಬಹುದು.

ಮಾರ್ಬಲ್ ಮ್ಯಾಡ್‌ನೆಸ್ ಆಡುವವರು ಒಂದು ವಿಷಯ ತಿಳಿದಿರಬೇಕು. ಮೂಲ ಯಂತ್ರದಲ್ಲಿ ಟ್ರ್ಯಾಕ್‌ಬಾಲನ್ನು 45 ಡಿಗ್ರಿ ಓರೆಯಾಗಿ ಕೂರಿಸಿದ್ದರು. ಮನೆಯ ಫಲಕದಲ್ಲಿ ಅದು ನೇರವಾಗಿ ಕೂತಿರುತ್ತದೆ, ಅದಕ್ಕೆ ತಕ್ಕ ಲೆಕ್ಕವನ್ನು ಮೇಮ್ ಒಳಗೊಳಗೇ ಮಾಡಿಕೊಳ್ಳುತ್ತದೆ. ಆ ಆಟಕ್ಕೆಂದು ಚೆಂಡನ್ನು ಓರೆಯಾಗಿ ಕೂರಿಸಿದರೆ ಉಳಿದ ಆಟಗಳ ಜೊತೆಗೆ ಆ ಆಟವೂ ಕೆಡುತ್ತದೆ.

ಬೋರ್ಡು, ತಂತಿ, ಸೆಟ್ಟಿಂಗ್ ಎಲ್ಲ ಸರಿಯಿದ್ದೂ ಮಿಸೈಲ್ ಕಮಾಂಡ್ ಆಟದಲ್ಲಿ ಚೆಂಡನ್ನು ಜೋರಾಗಿ ಬೀಸಿದಾಗ ಗುರಿಯು ಹಿಂದಕ್ಕೆ ಓಡಿದರೆ ಕಾರಣ 1980ರ ಬೋರ್ಡಿನಲ್ಲಿಯೇ ಇದೆ. ಅದರಲ್ಲಿ ಪ್ರತಿ ಅಕ್ಷಕ್ಕೆ ಇದ್ದುದು ನಾಲ್ಕು ಬಿಟ್‌ಗಳ ಎಣಿಕೆ, 0ಯಿಂದ 15ರವರೆಗೆ ಹೋಗಿ ಮತ್ತೆ 0ಗೆ ಮರಳುವಂಥದ್ದು. ಆಟವು ಹಿಂದಿನ ಬಾರಿ ಓದಿದ ಅಂಕಿಗೂ ಈಗಿನದಕ್ಕೂ ಇರುವ ವ್ಯತ್ಯಾಸದಿಂದ ಚಲನೆಯನ್ನು ಊಹಿಸುತ್ತದೆ. ಎರಡು ಓದುಗಳ ನಡುವೆ ಏಳು ಹೆಜ್ಜೆಯವರೆಗೆ ಊಹೆ ಸರಿಯಾಗಿರುತ್ತದೆ; ಹತ್ತು ಹೆಜ್ಜೆ ಮುಂದೆ ಹೋಗಿದ್ದರೆ ಅದು ಆರು ಹೆಜ್ಜೆ ಹಿಂದೆ ಹೋದಂತೆ ಕಾಣುತ್ತದೆ. ಅಂದಿನ ಚೆಂಡು ಮತ್ತು ತಟ್ಟೆಗೆ ಈ ಮಿತಿ ಸಾಕಾಗುವಂತೆ ಅಟಾರಿಯವರು ಹೊಂದಿಸಿದ್ದರು. ಅದಕ್ಕಿಂತ ಎಷ್ಟೋ ಹೆಚ್ಚು ಎಣಿಕೆ ಕೊಡುವ ಇಂದಿನ ಸಾಧನವನ್ನು ಹಾಗೆಯೇ ಬಿಟ್ಟರೆ ಮಿತಿ ಬೇಗ ಮೀರುತ್ತದೆ. ಇದಕ್ಕೆ ಮದ್ದು ಆ ಆಟದ ಸೆನ್ಸಿಟಿವಿಟಿಯನ್ನು ಇಳಿಸುವುದು. ಗುರಿಯನ್ನು ಪರದೆಯ ಒಂದು ಅಂಚಿನಲ್ಲಿಟ್ಟು ಅಂಗೈಯಿಂದ ಪೂರ್ತಿ ಬಲದಲ್ಲಿ ಬೀಸಿ, ಅದು ಇನ್ನೊಂದು ಅಂಚಿನ ಕಡೆ ಎಲ್ಲಿಯೂ ತಡವರಿಸದೆ ಓಡುವವರೆಗೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಹೋಗಬೇಕು, ಅಲ್ಲಿಗೆ ನಿಲ್ಲಿಸಬೇಕು.